ನಾಲ್ಕು ತಿಂಗಳು ಬೈಕ್ ನಿಲ್ಲಿಸಿ ಹೋಗ್ತಿದ್ದೀನಿ, ಬ್ಯಾಟರಿಗೆ ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನವೆಂಬರ್‌ನಿಂದ ಫೆಬ್ರವರಿ ಕೊನೆ ತನಕ ಕೆಲಸದ ಮೇಲೆ ಟೊರೊಂಟೊದಲ್ಲಿ ಇರ್ತೀರಿ. ಸೆಲ್ಫ್ ಸ್ಟಾರ್ಟ್ ಮಾತ್ರ ಇರುವ ಹೊಸ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೆಂಗಳೂರಿನ ಬನಶಂಕರಿಯ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತಿರುತ್ತೆ. ಮನೇಲಿ ತಂದೆಯವರಿದ್ದಾರೆ, ಆದರೆ ಅವರು ಗಾಡಿ ಓಡಿಸಲ್ಲ. ಕೆನಡಾದ ಸ್ನೇಹಿತರು ಚಳಿಗಾಲ ಪೂರ್ತಿ ಬ್ಯಾಟರಿಯನ್ನ ಚಾರ್ಜರ್‌ಗೆ ಸಿಕ್ಕಿಸಿಯೇ ಇಡ್ತಾರಂತೆ, ನಾವೂ ಹಾಗೇ ಮಾಡಬೇಕಾ, ಇಲ್ಲಾ ಅಪ್ಪ ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ಸಾಕಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಹೊರಡೋ ವಾರ ಫುಲ್ ಚಾರ್ಜ್ ಮಾಡಿಸಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ, ನಡುವೆ ಒಂದೆರಡು ಸಲ ಚಾರ್ಜಿಗೆ ಹಾಕಿಸಿ. ಚಾಮರಾಜಪೇಟೆ ಕಡೆ ನನ್ನದೊಂದು ಸಣ್ಣ ಬ್ಯಾಟರಿ ಅಂಗಡಿ ಇದೆ. ಫಾರಿನ್‌ನಿಂದ ಬಂದ ಮಾರನೇ ದಿನವೇ ‘ಸೆಲ್ಫ್ ಟಕ್ ಟಕ್ ಅನ್ನುತ್ತೆ ಅಷ್ಟೇ, ಎತ್ತಲ್ಲ’ ಅಂತ ಬರುವವರನ್ನ ಪ್ರತಿ ವರ್ಷ ನೋಡ್ತೀನಿ. ಅವರಲ್ಲಿ ಬಹಳ ಜನ ವಾರ ವಾರ ಸ್ಟಾರ್ಟ್ ಮಾಡಿಸಿದವರೇ!

ಮೊದಲು ಕೆನಡಾ ಲೆಕ್ಕ ನೋಡಿ. ನಿಮ್ಮ ಬೈಕಿನಲ್ಲಿರೋದು ಲೆಡ್ ಆ್ಯಸಿಡ್ ಬ್ಯಾಟರಿ, ಅಂದರೆ ಸೀಸದ ಪ್ಲೇಟು, ಆ್ಯಸಿಡ್ ಇರುವಂಥದ್ದು. ಅದರ ಚಾರ್ಜ್ ಇಳಿದಂತೆಲ್ಲ ಒಳಗಿನ ಆ್ಯಸಿಡ್ ತೆಳುವಾಗಿ ನೀರಿನ ಕಡೆಗೆ ಹೋಗುತ್ತೆ. ಪೂರ್ತಿ ಇಳಿದ ಬ್ಯಾಟರಿ ಸುಮಾರು ಮೈನಸ್ 10 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಡಬ್ಬ ಬಿರಿಯಬಹುದು, ಫುಲ್ ಚಾರ್ಜ್ ಇದ್ದರೆ ಮೈನಸ್ 50 ಆದರೂ ಏನೂ ಆಗಲ್ಲ. ಹಾಗಾಗಿ ಅಲ್ಲಿನವರಿಗೆ ಚಾರ್ಜರ್ ಬೇಕೇ ಬೇಕು. ನಮ್ಮೂರಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಧನುರ್ಮಾಸದ ಬೆಳಗಿನ ಜಾವ ಎಂಜಿನ್ ಆಯಿಲ್ ಸ್ವಲ್ಪ ಗಟ್ಟಿಯಾಗಿ, ಬ್ಯಾಟರಿಯ ದಮ್ಮೂ ಕೊಂಚ ತಗ್ಗಿ ಸೆಲ್ಫ್ ನಿಧಾನ ತಿರುಗಬಹುದು, ಅಷ್ಟೇ. ಸುಮ್ಮನೆ ಇಟ್ಟ ಬ್ಯಾಟರಿ ತಾನಾಗಿಯೇ ಇಳಿಯೋದು ಸೆಕೆಯಲ್ಲಿ ಜಾಸ್ತಿ, ಚಳಿಯಲ್ಲಿ ಕಮ್ಮಿ. ಹತ್ತು ಡಿಗ್ರಿ ಏರಿದರೆ ಇಳಿಯುವ ವೇಗ ಹೆಚ್ಚುಕಮ್ಮಿ ಎರಡು ಪಟ್ಟು. ನೀವು ಹೋಗ್ತಿರೋದು ಒಳ್ಳೇ ಕಾಲದಲ್ಲಿ, ಏಪ್ರಿಲ್ ಮೇ ಆಗಿದ್ದರೆ ನಾನು ಇನ್ನಷ್ಟು ಎಚ್ಚರಿಕೆ ಹೇಳ್ತಿದ್ದೆ.

ಇನ್ನು ವಾರಕ್ಕೊಂದು ಸಲ ಸ್ಟಾರ್ಟ್ ಮಾಡೋ ವಿಷಯ. 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಟೂ ವೀಲರ್‌ಗಳಿಗೆ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, ಎಂಜಿನ್ ಆನ್ ಆದರೆ ಲೈಟೂ ಆನ್. ಹ್ಯಾಲೊಜನ್ ಬಲ್ಬ್ 55 ವ್ಯಾಟಿನದಾದರೆ ಅದೊಂದೇ ನಾಲ್ಕು ಆಂಪಿಯರ್‌ಗಿಂತ ಜಾಸ್ತಿ ತಿನ್ನುತ್ತೆ. ಅದರ ಮೇಲೆ ಫ್ಯೂಯಲ್ ಪಂಪು, ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಇಗ್ನಿಷನ್. ಐಡಲಿಂಗ್‌ನಲ್ಲಿ ಮ್ಯಾಗ್ನೆಟ್ ಕಾಯಿಲ್ ಹುಟ್ಟಿಸುವ ಕರೆಂಟೇ ಕಮ್ಮಿ, ಇವಕ್ಕೆಲ್ಲ ಕೊಟ್ಟು ಬ್ಯಾಟರಿಗೆ ಉಳಿಯೋದು ಚೂರುಪಾರು. ಸೆಲ್ಫ್ ಹೊಡೆದಾಗ ಖರ್ಚಾದದ್ದು, ವಾರವಿಡೀ ಸೋರಿದ್ದು, ಎರಡೂ ಐದು ನಿಮಿಷದಲ್ಲಿ ವಾಪಸ್ ಬರಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ಕೂತು ತುಕ್ಕು ಹಿಡಿಯೋದು ಬೇರೆ. ಯಾರಾದರೂ ಕನಕಪುರ ರಸ್ತೆ ಕಡೆ ಒಂದರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿಕೊಂಡು ಬರೋದಾದರೆ ಬೇರೆ ಮಾತು. ಅರ್ಧ ಗಂಟೆ ಅಂದರೆ ಸಿಗ್ನಲ್‌ನಲ್ಲಿ ನಿಂತ ಅರ್ಧ ಗಂಟೆ ಅಲ್ಲ ಮತ್ತೆ.

ಬಿಚ್ಚದೆ ಹಾಗೇ ಬಿಟ್ಟರೆ? ಕೀ ತೆಗೆದರೂ ಗಾಡಿ ಪೂರ್ತಿ ಮಲಗಲ್ಲ. ಗಡಿಯಾರ, ಇಸಿಯು ಸ್ವಲ್ಪ ಸ್ವಲ್ಪ ಎಳೀತಾನೇ ಇರ್ತವೆ. ದಿನವಿಡೀ ಒಂದು ಮಿಲಿ ಆಂಪಿಯರ್ ಎಳೆದರೆ ತಿಂಗಳಿಗೆ 0.7 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋದರ ಅಳತೆ) ಹೋಯಿತು. ಜಿಪಿಎಸ್ ಟ್ರ್ಯಾಕರೋ ಅಲಾರಮ್ಮೋ ಹಾಕಿಸಿ, ಒಟ್ಟು 5 ಮಿಲಿ ಆಂಪಿಯರ್ ಆಯಿತು ಅನ್ನಿ. ತಿಂಗಳಿಗೆ ಮೂರೂವರೆ ಆಯಿತಲ್ಲ? 8 ಆಂಪಿಯರ್ ಅವರ್ ಬ್ಯಾಟರಿ ಎರಡು ತಿಂಗಳಿಗೆ ಖಾಲಿ ಹೊಡೆಯುತ್ತೆ. ನಿಮ್ಮ ಗಾಡಿ ಎಷ್ಟು ಎಳೆಯುತ್ತೆ ನೋಡಬೇಕಾದರೆ ಎಸ್.ಪಿ. ರೋಡಿನಲ್ಲಿ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಕೀ ಆಫ್ ಮಾಡಿ ನೆಗೆಟಿವ್ ವೈರ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯನ್ನ 10 ಆಂಪಿಯರ್ ತೂತಿಗೆ ಹಾಕಿ, ಆ ವೈರಿಗೂ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಮೀಟರ್ ಹಿಡಿಯಿರಿ. ಸೊನ್ನೆ ತೋರಿಸಿದರೆ ಮಿಲಿ ಆಂಪಿಯರ್ ತೂತಿಗೆ ಬದಲಾಯಿಸಿ ನೋಡಿ. ಮೀಟರ್ ಹಾಗೇ ಹಿಡಿದಿರುವಾಗ ಮಾತ್ರ ಅಪ್ಪಿತಪ್ಪಿಯೂ ಕೀ ಆನ್ ಮಾಡಬೇಡಿ, ಮೀಟರ್ ಫ್ಯೂಸ್ ಹೋಗುತ್ತೆ.

ಹೀಗೆ ಇಳಿದ ಬ್ಯಾಟರಿಯನ್ನ ವಾರಗಟ್ಟಲೆ ಹಾಗೇ ಬಿಟ್ಟಾಗಲೇ ನಿಜವಾದ ನಷ್ಟ. ಪ್ಲೇಟಿನ ಮೇಲೆ ಕೂತ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿಬಿಡುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಅದು ಕರಗಲ್ಲ. ವೋಲ್ಟೇಜ್ ಸರಿಯಾಗೇ ತೋರಿಸುತ್ತೆ, ಸೆಲ್ಫ್ ಒತ್ತಿದ ಕೂಡಲೇ ಕುಸಿಯುತ್ತೆ.

ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಕೂರಿಸುವಾಗ ಉಲ್ಟಾ. ಯಾಕೆ ಅಂದರೆ ಗಾಡಿಯ ಬಾಡಿಯೆಲ್ಲ ನೆಗೆಟಿವ್. ನೆಗೆಟಿವ್ ವೈರ್ ಇನ್ನೂ ಸಿಕ್ಕಿರುವಾಗಲೇ ಪಾಸಿಟಿವ್ ಬೋಲ್ಟ್ ತಿರುಗಿಸೋಕೆ ಹೋಗಿ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತೆ. ಉಂಗುರ, ಕಡಗ ತೆಗೆದಿಟ್ಟು ಕೆಲಸಕ್ಕೆ ಕೂರಿ. ಇನ್ನೊಂದು, ಬೈಕ್ ಬ್ಯಾಟರಿ ಟರ್ಮಿನಲ್ ಒಳಗೆ ಒಂದು ಪುಟ್ಟ ಚೌಕ ನಟ್ಟು ಸಡಿಲವಾಗಿ ಕೂತಿರುತ್ತೆ. ಬೋಲ್ಟ್ ಹೊರಗೆ ಬಂದ ತಕ್ಷಣ ಅದು ಜಾರಿ ಗಾಡಿಯ ಹೊಟ್ಟೆಯೊಳಗೆ ಎಲ್ಲೋ ಮಾಯ. ಹುಡುಕೋಕೆ ಅರ್ಧ ದಿನ ಬೇಕು. ವೈರ್ ತೆಗೆದ ಕೂಡಲೇ ಬೋಲ್ಟನ್ನ ಅದೇ ಟರ್ಮಿನಲ್‌ಗೆ ಎರಡು ಸುತ್ತು ತಿರುಗಿಸಿಟ್ಟುಬಿಡಿ.

ಚಾರ್ಜಿಂಗ್‌ಗೆ ನಮ್ಮ ಲೈನಿನಲ್ಲಿ ಹಳೇ ಲೆಕ್ಕ, ಕೆಪಾಸಿಟಿಯ ಹತ್ತನೇ ಒಂದು ಭಾಗ. 8 ಆಂಪಿಯರ್ ಅವರ್ ಬ್ಯಾಟರಿಗೆ 0.8 ಆಂಪಿಯರ್. ಲಾರಿ, ಕಾರು ಬ್ಯಾಟರಿಗಳ ಸಾಲಿನಲ್ಲಿ ಸೇರಿಸಿ ದಡದಡ ಅಂತ ಚಾರ್ಜ್ ಹಾಕುವ ಕಡೆ ಕೊಡಲೇಬೇಡಿ. ಮನೇಲೇ ಹಾಕೋದಾದರೆ ಬೈಕಿಗೆ ಅಂತಲೇ ಬರುವ ಸಣ್ಣ ಆಟೊಮ್ಯಾಟಿಕ್ ಚಾರ್ಜರ್ ತಗೊಳ್ಳಿ, 14.4 ವೋಲ್ಟ್ ಆಸುಪಾಸಿಗೆ ತಲುಪಿ ಆಮೇಲೆ ತಾನಾಗಿ 13.5ರ ಹತ್ತಿರಕ್ಕೆ ಇಳಿಯುವಂಥದ್ದು. ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಬೇಕು ಅಂತ ಅಸೋಸಿಯೇಷನ್ ಜೊತೆ ಜಗಳ ಕಾಯುವ ಅಗತ್ಯವೂ ಇಲ್ಲ, ಬ್ಯಾಟರಿಯೇ ಮೇಲೆ ಬಂದಿರುತ್ತಲ್ಲ. ಗ್ಯಾಸ್ ಸ್ಟೌವ್, ದೇವರ ದೀಪದಿಂದ ದೂರ, ಕಿಟಕಿ ತೆಗೆದಿರುವ ಕಡೆ ಹಾಕಿ. ಚಾರ್ಜ್ ಆಗುವಾಗ ಹೈಡ್ರೊಜನ್ ಬರಬಹುದು.

ಚಾರ್ಜ್ ಆದ ಮೇಲೆ ಒಂದು ರಾತ್ರಿ ಬಿಟ್ಟು ಮೀಟರ್ ಹಿಡಿದರೆ ಒಳ್ಳೇ ಬ್ಯಾಟರಿ 12.8 ವೋಲ್ಟ್ ತೋರಿಸುತ್ತೆ. ತಂದೆಯವರಿಗೆ ಒಂದೇ ಕೆಲಸ ಹೇಳಿ ಹೋಗಿ: ತಿಂಗಳಿಗೊಮ್ಮೆ ಮೀಟರ್ ಹಿಡಿಯೋದು, 12.4ಕ್ಕೆ ಇಳಿದಿದ್ದರೆ ಚಾರ್ಜರ್‌ಗೆ ಹಾಕೋದು. 12.2 ಅಂದರೆ ಆಗಲೇ ಅರ್ಧ ಖಾಲಿ. ಮೀಟರ್ ಗೀಟರ್ ಬೇಡಪ್ಪ ಅಂತ ಅವರು ಅಂದರೆ ಹೊಸ ವರ್ಷದ ಹೊತ್ತಿಗೆ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಚಾರ್ಜಿಗೆ ಹಾಕಿದರೂ ನಡೆಯುತ್ತೆ.

ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ನೆಲ ಹೀರುತ್ತೆ ಅಂತ ಯಾರಾದರೂ ಹಿರಿಯರು ಹೇಳೇ ಹೇಳ್ತಾರೆ. ಹಿಂದಿನ ಕಾಲದ ರಬ್ಬರ್, ಮರದ ಡಬ್ಬದ ಬ್ಯಾಟರಿಗೆ ಆ ಮಾತು ಇತ್ತೇನೋ. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ನೆಲವೂ ಒಂದೇ ಮಣೆಯೂ ಒಂದೇ. ಬಿಸಿಲು ಕಾಯುವ ತಾರಸಿ ಕೆಳಗಿನ ಅಟ್ಟಕ್ಕೆ ಮಾತ್ರ ಹಾಕಬೇಡಿ.

ನಿಮ್ಮದು ಸೀಲ್ಡ್ ಬ್ಯಾಟರಿ, ಮೇಲಿನ ಪಟ್ಟಿ ಕಿತ್ತು ನೀರು ಹಾಕೋಕೆ ಹೋಗಬೇಡಿ. ಹಳೇ ಗಾಡಿಯ ನೀರು ಹಾಕುವ ಬ್ಯಾಟರಿ ಇರುವವರು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್‌ಒ ನೀರು, ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಯಾವುದೂ ಬೇಡ.

ಕೇಳದ್ದು ಒಂದು ಹೇಳಿಬಿಡ್ತೀನಿ: ಟ್ಯಾಂಕ್ ಫುಲ್ ಮಾಡಿಸಿ ಹೋಗಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರೋದರಿಂದ ಅದು ತೇವ ಹಿಡಿಯುತ್ತೆ, ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಜಾಸ್ತಿ, ತುಕ್ಕೂ ಜಾಸ್ತಿ.

ವಾಪಸ್ ಬಂದ ಮೇಲೆ ಕೂರಿಸುವ ಹಿಂದಿನ ರಾತ್ರಿ ಮತ್ತೊಂದು ಸಲ ಚಾರ್ಜ್ ಹಾಕಿ, ಟರ್ಮಿನಲ್‌ಗೆ ತೆಳುವಾಗಿ ವ್ಯಾಸಲೀನ್ ಸವರಿ. ಫ್ಯೂಯಲ್ ಇಂಜೆಕ್ಷನ್ ಗಾಡಿ ಆದ್ದರಿಂದ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಸ್ಟಾರ್ಟ್ ಮಾಡೋಣ ಅನ್ನೋದೂ ನಡೆಯಲ್ಲ, ಪಂಪ್ ತಿರುಗೋಕೇ ಕರೆಂಟ್ ಬೇಕು. ಒಂದು ವೇಳೆ ಬ್ಯಾಟರಿ ಹೋಗಿಯೇ ಇದ್ದರೆ, ಹೊಸದು ತಗೊಳ್ಳುವ ಮುಂಚೆ ವಾರಂಟಿ ಕಾರ್ಡಿನ ತಾರೀಖು ನೋಡಿ. ಅವಧಿ ಮುಗಿದಿದ್ದರೂ ಹಳೇದನ್ನ ಗುಜರಿಗೆ ಹಾಕಬೇಡಿ, ಹೊಸದು ಕೊಳ್ಳುವ ಅಂಗಡಿಗೇ ತಗೊಂಡು ಹೋಗಿ ಕೊಡಿ, ಸೀಸದ ಬೆಲೆ ಬಿಲ್ಲಿನಲ್ಲಿ ಕಳೆದುಕೊಡ್ತಾರೆ.