ಸುಡದ ಮಣ್ಣಿನ ಇಟ್ಟಿಗೆ ಮಳೆಗೆ ಕರಗುವುದಿಲ್ಲವೇ? ಎಷ್ಟು ಸಿಮೆಂಟ್ ಬೇಕು?

ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಕರಗುವುದಿಲ್ಲ, ಮಣ್ಣು ಸರಿಯಿದ್ದರೆ. ತೂಕದಲ್ಲಿ ಶೇ. 5ರಿಂದ 8ರಷ್ಟು ಸಿಮೆಂಟ್ ಸಾಕು. ಹೆಚ್ಚು ಸುರಿದು ಕೆಟ್ಟ ಮಣ್ಣನ್ನು ಒಳ್ಳೆಯದು ಮಾಡಲಾಗದು.

ಬೇರು, ಕೊಳೆತ ಎಲೆ ಇರುವ ಮೇಲ್ಮಣ್ಣನ್ನು ತೆಗೆದುಹಾಕಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಮೂರನೇ ಎರಡರಷ್ಟು ಮರಳಿದ್ದರೆ ಒಳ್ಳೆಯದು. ಜೇಡಿ ಹೆಚ್ಚಾದರೆ ಇಟ್ಟಿಗೆ ಒಣಗುವಾಗ ಕುಗ್ಗಿ ಬಿರಿಯುತ್ತದೆ; ಮರಳು ಬೆರೆಸಿ. ನೆನೆದಾಗ ಉಬ್ಬುವ ಕಪ್ಪು ಎರೆಮಣ್ಣಿನ ಗೋಜಿಗೇ ಹೋಗಬೇಡಿ.

ನೀರಿನ ಹದಕ್ಕೆ ಒಂದು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ನಾಲ್ಕೈದು ಹೋಳಾದರೆ ಹದ ಸರಿ, ಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾಗಿ ಕೂತರೆ ಜಾಸ್ತಿ. ನೀರು ಬಿದ್ದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿಬಿಡಿ, ಇಲ್ಲದಿದ್ದರೆ ಸಿಮೆಂಟ್ ಅಲ್ಲೇ ಗಟ್ಟಿಯಾಗತೊಡಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಒತ್ತಿದ ಇಟ್ಟಿಗೆಯನ್ನು ಬಿಸಿಲಿಗಿಡುತ್ತಾರೆ. ನೆರಳಲ್ಲಿ ಪೇರಿಸಿ, ಗೋಣಿ ಹೊದಿಸಿ, ಮೂರು ವಾರ ನೀರು ಚಿಮುಕಿಸಿ.

ಕಟ್ಟುವ ಗಾರೆ ಇಟ್ಟಿಗೆಗಿಂತ ಬಿರುಸಾಗಿರಬಾರದು. ಇದ್ದರೆ ಬಿರುಕು ಸಂದಿಯಲ್ಲಿ ನಿಲ್ಲದೆ ಇಟ್ಟಿಗೆಯನ್ನೇ ಸೀಳುತ್ತದೆ. ಸಿಮೆಂಟ್, ಮಣ್ಣು, ಮರಳು ಕಲಸಿದ ಗಾರೆ ಸಾಕು. ಗೋಡೆಯ ಬುಡಕ್ಕೆ ಒಂದೂವರೆ ಅಡಿ ಕಲ್ಲುಕಟ್ಟು, ಸೂರು ಎರಡು ಅಡಿ ಹೊರಚಾಚಿರಲಿ. ಹನಿ ನೆಲಕ್ಕೆ ಬಿದ್ದು ಸಿಡಿಯುವ ನೀರೇ ಗೋಡೆಯನ್ನು ಹೆಚ್ಚು ತಿನ್ನುವುದು.