‘ಬ್ಯಾಂಡಿಟ್ಸ್’ ಚಿತ್ರದ ದರೋಡೆಕೋರರು ಏಕೆ ಇಷ್ಟವಾಗುತ್ತಾರೆ?

ಅವರು ದೋಚುವ ರೀತಿಯಿಂದ. 2001ರಲ್ಲಿ ಬ್ಯಾರಿ ಲೆವಿನ್ಸನ್ ನಿರ್ದೇಶಿಸಿದ ಈ ಚಿತ್ರದಲ್ಲಿ ಜೋ ಮತ್ತು ಟೆರಿ ಹಿಂದಿನ ರಾತ್ರಿಯೇ ಬ್ಯಾಂಕ್ ಮ್ಯಾನೇಜರ್ ಮನೆ ಸೇರಿ, ಮನೆಮಂದಿಯ ಜೊತೆ ಉಳಿದು, ಬೆಳಿಗ್ಗೆ ಮ್ಯಾನೇಜರ್ ಜೊತೆಯಲ್ಲೇ ಬ್ಯಾಂಕಿಗೆ ಹೋಗುತ್ತಾರೆ. ಟೆರಿಯಂತೂ ಇಲ್ಲದ ಕಾಯಿಲೆಗಳನ್ನೆಲ್ಲ ತನ್ನ ಮೈಯಲ್ಲೇ ಹುಡುಕಿಕೊಳ್ಳುವವನು! ಗಂಡನ ಉದಾಸೀನಕ್ಕೆ ಬೇಸತ್ತು ಮನೆ ಬಿಟ್ಟ ಕೇಟ್ ಇಬ್ಬರನ್ನೂ ಮನಸಾರೆ ಪ್ರೀತಿಸುತ್ತಾಳೆ. ಒಬ್ಬನನ್ನೇ ಆರಿಸಿಕೊಳ್ಳಲು ಒಪ್ಪುವುದಿಲ್ಲ. ಕೇಟ್ ಬ್ಲಾಂಚೆಟ್ ನಟನೆಯೇ ಚಿತ್ರದ ಜೀವಾಳ ಎನ್ನುತ್ತೇನೆ.

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹೆಚ್ಚು ನಕ್ಕವರು ಬ್ಯಾಂಕಿನಿಂದ ನಿವೃತ್ತರಾದ ಸೋದರತ್ತೆ. ಇಲ್ಲಿ ಈ ಉಪಾಯ ನಡೆಯುವುದಿಲ್ಲವಂತೆ: ಸ್ಟ್ರಾಂಗ್ ರೂಮಿನ ಬೀಗದ ಕೈಗಳು ಇಬ್ಬರು ಅಧಿಕಾರಿಗಳ ಬಳಿ ಬೇರೆಬೇರೆಯಾಗಿರುತ್ತವೆ, ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ.