ಪಾಮ್ ಎಂಬ ಹಳೆಯ ಅಂಗೈ ಆರ್ಗನೈಸರ್‌ನಲ್ಲಿರುವ ನನ್ನದೇ ಆ್ಯಪ್‌ನ ದತ್ತಾಂಶವನ್ನು ಪಿಸಿಯೊಂದಿಗೆ ಸಿಂಕ್ ಮಾಡುವ ಪ್ರೋಗ್ರಾಂ ಬರೆಯುವುದು ಹೇಗೆ?

ಬರೀ ಬ್ಯಾಕಪ್ ಸಾಕೆಂದರೆ ಡೇಟಾಬೇಸ್‌ನ ಬ್ಯಾಕಪ್ ಬಿಟ್ (ಇದರ ಪ್ರತಿ ತೆಗೆದಿಡಬೇಕು ಎಂಬ ಗುರುತು) ಹಾಕಿಬಿಡಿ, ಉಳಿದದ್ದನ್ನು ಪಾಮ್‌ನ ಸಿಂಕ್ ತಂತ್ರಾಂಶವಾದ ಹಾಟ್‌ಸಿಂಕ್ ನೋಡಿಕೊಳ್ಳುತ್ತದೆ. ಎಷ್ಟೋ ಜನರಿಗೆ ಬೇಕಿರುವುದು ಇಷ್ಟೇ.

ಎರಡೂ ಕಡೆ ತಿದ್ದುವುದಾದರೆ ಮಾತ್ರ ಕಾಂಡ್ಯೂಟ್, ಅಂದರೆ ಎರಡೂ ಕಡೆಯ ದತ್ತಾಂಶವನ್ನು ಹೊಂದಿಸುವ ಪಿಸಿ ಪ್ರೋಗ್ರಾಂ, ಬರೆಯಬೇಕು. ವಿಂಡೋಸ್‌ನಲ್ಲಿ ಅದೊಂದು ಡಿಎಲ್ಎಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್ ಕಡತ). ಆ್ಯಪ್‌ನ ಗುರುತಾದ ನಾಲ್ಕಕ್ಷರದ ಕ್ರಿಯೇಟರ್ ಐಡಿಗೆ ಅದನ್ನು ನೋಂದಾಯಿಸಿದರೆ ಸಿಂಕ್ ವೇಳೆ ಹಾಟ್‌ಸಿಂಕ್ ಮ್ಯಾನೇಜರ್ ಕರೆಯುತ್ತದೆ.

ನಿಜವಾದ ತಲೆನೋವು ಹೊಂದಾಣಿಕೆಯ ತರ್ಕದ್ದು. ಪ್ರತಿ ರೆಕಾರ್ಡ್‌ಗೂ 24 ಬಿಟ್‌ಗಳ ವಿಶಿಷ್ಟ ಐಡಿ ಇರುತ್ತದೆ, ಬದಲಾಗಿದ್ದರೆ 'ಡರ್ಟಿ' ಗುರುತು ಇರುತ್ತದೆ. ಕಳೆದ ಬಾರಿಯೂ ಇದೇ ಪಿಸಿಯಲ್ಲಿ ಸಿಂಕ್ ಆಗಿದ್ದರೆ ಗುರುತು ಇರುವವನ್ನಷ್ಟೇ ಓದಿದರೆ ಸಾಕು. ನಡುವೆ ಬೇರೆ ಪಿಸಿ ಬಂದಿದ್ದರೆ ಆ ಗುರುತುಗಳು ಆಗಲೇ ಅಳಿಸಿಹೋಗಿರುತ್ತವೆ. ಆಗ ಎಲ್ಲ ರೆಕಾರ್ಡ್‌ಗಳನ್ನೂ ಹಿಂದಿನ ಸಿಂಕ್‌ನ ಪ್ರತಿಯೊಂದಿಗೆ ಹೋಲಿಸದೆ ಗತ್ಯಂತರವಿಲ್ಲ. ಒಂದೇ ರೆಕಾರ್ಡನ್ನು ಎರಡೂ ಕಡೆ ತಿದ್ದಿದ್ದರೆ? ಎರಡನ್ನೂ ಉಳಿಸಿ. ಬಳಕೆದಾರ ಒಂದನ್ನು ಅಳಿಸಿಕೊಂಡಾನು, ಕಳೆದುಹೋದದ್ದನ್ನು ಮರಳಿ ಬರೆಯಲಾರ.

ಬೈಟ್‌ಗಳ ಕ್ರಮವನ್ನು ಮರೆಯಬೇಡಿ. ಪಾಮ್‌ನ ಆ್ಯಪ್‌ಗಳು ಹಿರಿಯ (ಹೆಚ್ಚು ಸ್ಥಾನಬೆಲೆಯ) ಬೈಟನ್ನು ಮೊದಲು ಬರೆಯುತ್ತವೆ, ಇಂಟೆಲ್ ಪಿಸಿ ಕಿರಿಯದನ್ನು. ತಿರುಗಿಸದೆ ಓದಿದರೆ ಎರಡು ಬೈಟ್‌ಗಳ 1 ಎಂಬ ಸಂಖ್ಯೆ 256 ಆಗಿಬಿಡುತ್ತದೆ.